ಒಲೆಯ ಮೇಲೆ ಬೆಂದ ಪೈಪುಗಳು

ಗೊರ್... ಗೊರ್... ಗಳಕ್. ಮಾಲೂರಿನ ನಮ್ಮ ಮನೆಯ ಬಚ್ಚಲ ನಲ್ಲಿ ತಿರುಗಿಸಿದರೆ ಮೊದಲು ಬರುತ್ತಿದ್ದುದು ನೀರಲ್ಲ, ಈ ಸದ್ದು. ಮುದುಕರು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಹಾಗೆ. ಆಮೇಲೆ ದಾರದಷ್ಟು ನೀರು. ಬಾಗಿಲ ಈಚೆ ನಿಂತು ನಾನು ಕೇಳುತ್ತಿದ್ದೆ, "ಬಂತಾ ಅಕ್ಕ?" ಒಳಗಿನಿಂದ ಉತ್ತರ: "ಬರ್ತಾ ಐತೆ ಕಣೇ, ಊರೆಲ್ಲ ಸುತ್ಕೊಂಡು."

ಅಕ್ಕ ಎಂದರೆ ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಅವರು ಮುಳಬಾಗಿಲು ಕಡೆಯ ದೇವರಾಯಸಮುದ್ರದವರು, ಹುಡುಗಿಯಾಗಿದ್ದಾಗ ಅಲ್ಲಿಯ ಕೆರೆಯಲ್ಲಿ ಈಜಿ ಬೆಳೆದವರು. ನಾನು ಕೋಲಾರದ ಕಾನ್ವೆಂಟಿನಲ್ಲಿ ಓದಿದವಳು, ನೀರನ್ನು ಮಗ್ಗಿನಲ್ಲಿ ಅಳೆದೇ ಕಂಡವಳು. ಅವರಿಗೆ ಸ್ನಾನವೆಂದರೆ ನೆತ್ತಿಯಿಂದ ಪಾದದವರೆಗೆ ನೀರು ಒಟ್ಟಿಗೆ ಇಳಿಯಬೇಕು. ಉಳಿದದ್ದೆಲ್ಲ ಅವರ ಮಾತಿನಲ್ಲಿ "ಒರೆಸ್ಕೊಳ್ಳೋದು".

ಅಂಥವರ ಬಲಭುಜ ಹಿಡಿದುಕೊಂಡಿತು. ಫ್ರೋಜನ್ ಶೋಲ್ಡರ್ ಎಂದರು ಡಾಕ್ಟರು. ಚೊಂಬು ಎದೆಯಿಂದ ಮೇಲೆ ಏಳದು. ಅವರ ಸೊಸೆ ಪಾಪ ಒಳ್ಳೆಯ ಮನಸ್ಸಿನಿಂದಲೇ, "ಅತ್ತೆ, ಚಿಲಕ ಹಾಕ್ಬೇಡಿ, ನಾನೇ ಬಂದು ನೀರು ಹುಯ್ತೀನಿ" ಎಂದಳು.

"ನಾನೇನು ಬಾಣಂತಿನಾ? ಹೋಗಮ್ಮ, ನಿನ್ನ ಗಂಡನಿಗೆ ಹುಯ್ಯಿ."

ಅಂದಿನಿಂದ ಅಕ್ಕ ಮುಖ, ಕೈಕಾಲು ಮಾತ್ರ ತೊಳೆಯತೊಡಗಿದರು. ನೋಡಲಾಗುತ್ತಿರಲಿಲ್ಲ. ಒಂದು ಶವರ್ ಹಾಕಿಸಿದರೆ ಸಾಕು, ಯಾರ ಕೈಯೂ ಬೇಡ ಎಂದು ನಾನು ಪ್ಲಂಬರನ್ನು ಕರೆಸಿದೆ. ಅವನು ನಲ್ಲಿ ತಿರುಗಿಸಿ ನೋಡಿ ನಕ್ಕ. "ಈ ಲೈನಿಗೆ ಶವರ್ ಹಾಕಿದ್ರೆ ಸೊಳ್ಳೆ ಉಚ್ಚೆ ಹುಯ್ದಂಗಿರ್ತದೆ, ಅಮ್ಮ. ಲೈನೇ ತೆಗೀಬೇಕು."

ಗೋಡೆ ಒಡೆದು ಹಳೆಯ ಜಿ.ಐ. ಕಬ್ಬಿಣದ ಪೈಪಿನ ಒಂದು ತುಂಡು ಕತ್ತರಿಸಿ ಅವನು ನನ್ನ ಅಂಗೈಗೆ ಇಟ್ಟ. ಅದರ ಭಾರಕ್ಕೆ ಕೈ ಇಳಿಯಿತು. ಹೊರಗೆ ತುಕ್ಕು. ಒಳಗೆ ಕಲ್ಲು. ನಮ್ಮ ಬೋರ್‌ವೆಲ್ಲಿನ ಉಪ್ಪುನೀರು ಸುತ್ತಿನ ಮೇಲೆ ಸುತ್ತು ಕಟ್ಟುತ್ತ ಬಂದು, ಒಂದು ಸುತ್ತು ಹಾಲುಬಿಳುಪು, ಮತ್ತೊಂದು ಕಂದು, ನಡುವೆ ಪೆನ್ಸಿಲ್ ತೂರುವಷ್ಟೇ ತೂತು. ಜಿಯಾಗ್ರಫಿ ಕ್ಲಾಸಿನಲ್ಲಿ ಸಿಸ್ಟರ್ ಗುಹೆಗಳಲ್ಲಿ ನೀರ ಹನಿಯಿಂದ ಬೆಳೆಯುವ ಕಲ್ಲು, ಸ್ಟ್ಯಾಲಕ್ಟೈಟ್ ಬಗ್ಗೆ ಪಾಠ ಮಾಡುವಾಗ, ಅದೆಲ್ಲ ಎಲ್ಲೋ ಫಾರಿನ್ನಿನಲ್ಲಿ ಎಂದುಕೊಂಡಿದ್ದೆ. ನಾನು ಮದುವೆಯಾಗಿ ಬಂದಾಗಿನಿಂದ ನನ್ನ ಬಚ್ಚಲ ಗೋಡೆಯೊಳಗೇ ಒಂದು ಗುಹೆ ಬೆಳೆಯುತ್ತಿತ್ತು. ಬಾಣಂತಿ ನೀರು, ಹಬ್ಬದ ಎಣ್ಣೆಸ್ನಾನ, ಮನೆಯಿಂದ ಹೋದವರನ್ನು ತೊಳೆದ ನೀರು, ಎಲ್ಲವೂ ಅದನ್ನು ಹಾದೇ ಬಂದಿತ್ತು. ಮೈ ಗಾಡ್, ಎಂದೆ ಮೆಲ್ಲಗೆ. ಅಕ್ಕ ಬೆರಳ ತುದಿಯಿಂದ ಆ ಸುತ್ತುಗಳನ್ನು ಸವರಿದರು. "ಬಾಳೆದಿಂಡು ಕೊಯ್ದಂಗೈತೆ, ಚೂಡು" ಎಂದರು. ಬೆರಗಾದಾಗಲೆಲ್ಲ ಅವರಿಗೆ 'ನೋಡು' ಎನ್ನಲೂ ತೆಲುಗೇ ಬರುವುದು.

ಹೊಸದಾಗಿ ಯಾವ ಪೈಪು? ನನಗೆ ತಾಮ್ರದ ಆಸೆ. ಕಾನ್ವೆಂಟಿನ ಹಾಸ್ಟೆಲ್ ಬಾತ್‌ರೂಮಿನಲ್ಲಿ ಬಿಸಿನೀರಿಗೆ ಒಂದು ತಾಮ್ರದ ಕೊಳವೆ ಇತ್ತು, ಸೋ ಎಲಿಗೆಂಟ್. ಅಂಗಡಿಯವನು, "ತಾಮ್ರ ಎ.ಸಿ.ಗೆ ಹಾಕೋದು ಮೇಡಂ, ಮಾಲೂರಲ್ಲಿ ಸ್ನಾನಕ್ಕೆ ಯಾರೂ ಕೇಳಿಲ್ಲ" ಎಂದ. ಅಕ್ಕನ ಮಗ ಲಕ್ಕೂರಿನ ತೋಟದಿಂದ ಮಿಕ್ಕಿದ್ದ ಪಿ.ವಿ.ಸಿ. ಪೈಪುಗಳನ್ನು ಟೆಂಪೋದಲ್ಲಿ ತಂದಿಳಿಸಿಯೇಬಿಟ್ಟ. "ಮೋಟರ್ ಪ್ರೆಷರ್ ತಡ್ಕೊಂಡಿರೋ ಪೈಪು ಚಿಕ್ಕಮ್ಮ, ನಿಮ್ಮ ಬಚ್ಚಲು ಯಾವ ಲೆಕ್ಕ?" ನಮ್ಮ ಕಡೆ ಎಲ್ಲರೂ ಹೀಗೆಯೇ. ಟೊಮೇಟೊ ಸಾಲಿಗೆ ಒಗ್ಗಿದ್ದು ಮನೆಗೂ ಒಗ್ಗುತ್ತದೆ ಎನ್ನುವ ನಂಬಿಕೆ.

ನಾನು ಕನ್ನಡಕ ಹಾಕಿಕೊಂಡು ಪೈಪುಗಳ ಮೈಮೇಲಿನ ಇಂಗ್ಲಿಷ್ ಅಕ್ಷರ ಓದಿದೆ. ಅಂಗಡಿಯವನು ಮಾದರಿಗೆಂದು ಕೊಟ್ಟಿದ್ದ ಕೆನೆಬಣ್ಣದ ಸಿ.ಪಿ.ವಿ.ಸಿ. ಪ್ಲಾಸ್ಟಿಕ್ ತುಂಡಿನ ಮೇಲೆ ಹಾಟ್ ಅಂಡ್ ಕೋಲ್ಡ್ ಎಂದಿತ್ತು. ತೋಟದ್ದರ ಮೇಲೆ ಬಿಸಿಯ ಸುದ್ದಿಯೇ ಇರಲಿಲ್ಲ. ನಮ್ಮದೋ ಸೋಲಾರ್ ನೀರು, ಬೇಸಿಗೆಯಲ್ಲಿ ಮುಟ್ಟಿದರೆ ಕೈ ಸುಡುತ್ತದೆ. "ಇದು ಆಗೋಲ್ಲ ಕಣೋ" ಎಂದೆ.

"ಬರ್ದೋರು ನಮ್ಮೂರ ನೀರು ಕಂಡವ್ರಾ?" ಎಂದರು ಅಕ್ಕ. "ತತ್ತಾ ಇಲ್ಲಿ. ಬೇಯಿಸಿ ನೋಡಾಣ."

ಹಿತ್ತಲ ಒಲೆಯ ಮೇಲೆ ಹಳೆಯ ಡಬ್ಬದಲ್ಲಿ ಬೋರ್ ನೀರು ಕುದಿಸಿ ಎರಡು ತುಂಡುಗಳನ್ನೂ ಹಾಕಿದರು. ಅನ್ನ ಬೆಂದಿತೇ ಎಂದು ಅಗುಳು ಹಿಸುಕಿ ನೋಡುವ ಹಾಗೆ ಎಡಗೈಯಲ್ಲಿ ಇಕ್ಕಳ ಹಿಡಿದು ಒಂದೊಂದನ್ನೇ ಒತ್ತಿದರು. ತೋಟದ ತುಂಡು ನೆನೆದ ಹಪ್ಪಳದಂತೆ ಬಾಗಿತು. ಕೆನೆಬಣ್ಣದ್ದು ಜಗ್ಗಲಿಲ್ಲ. ಹೊರತೆಗೆದು ಆರಿಸಿ, ಅದರ ಮೇಲೆ ಕೂತಿದ್ದ ಬಿಳಿಪುಡಿಯನ್ನು ಸೆರಗಿನಿಂದ ಒರೆಸಿದರೆ ಹಾಗೆಯೇ ಬಿಟ್ಟುಬಂತು.

"ನೀನು ಓದಿದ್ದು ದಿಟ ಕಣೇ" ಎಂದರು. ಮಗನತ್ತ ತಿರುಗಿ, "ಲೇ, ನಿನ್ನ ಪೈಪು ಬೆಂದೈತೆ, ಉಪ್ಪು ಕಾರ ಹಾಕ್ಕೊಂಡು ತಿನ್ನು."

ಅವನು ನಗುತ್ತಲೇ ಪೈಪುಗಳನ್ನು ಟೆಂಪೋಗೆ ಏರಿಸಿಕೊಂಡು ಹೋದ.

ಹೊಸ ಲೈನ್ ಬಂದ ದಿನ ಅಕ್ಕ ಶವರಿಗೆ ಅರಿಶಿನ ಕುಂಕುಮ ಹಚ್ಚಿದರು, ಹೊಸ ಬಾವಿಗೆ ಗಂಗೆಪೂಜೆ ಮಾಡುವಂತೆ. ಆಮೇಲೆ ಒಳಗೆ ಹೋದರು. ಚಿಲಕ ಬಿತ್ತು. ಗೊರ್ ಇಲ್ಲ, ಗಳಕ್ ಇಲ್ಲ. ಒಮ್ಮೆಗೇ ಮಳೆ ಸುರಿದಂತೆ ಸದ್ದು, ಆ ಸದ್ದಿನೊಳಗೆ ಯಾರೋ ಹುಡುಗಿ ನಗುವುದು. ಸೊಸೆ ನನ್ನ ಮುಖ ನೋಡಿದಳು, ನಾನು ಅವಳದನ್ನು. ಇಬ್ಬರೂ ಬಾಗಿಲ ಬಳಿಯಿಂದ ಸರಿದು ಅಡುಗೆಮನೆಗೆ ಹೋದೆವು.

ಆ ಬೇಸಿಗೆಯಲ್ಲಿ ಅಕ್ಕ ದೇವರಾಯಸಮುದ್ರಕ್ಕೆ, ತಮ್ಮನ ಮನೆಗೆ ಹೊರಟರು. ಕಾರು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದರೂ ಒಳಗೆ ನೀರು ಸುರಿಯುತ್ತಲೇ ಇತ್ತು. ಕೊನೆಗೆ ಚಿಲಕ ತೆಗೆದ ಸದ್ದು. ತಲೆ ಒರೆಸಿಕೊಳ್ಳದೆಯೇ ಬಂದರು.

"ಶೀತ ಆಗುತ್ತೆ ಅಕ್ಕ, ಒಣಗಿಸ್ಕೊಂಡು ಹೋಗಿ."

"ದಾರೀಲಿ ಒಣಗ್ತದೆ ಬಿಡೇ."

ಅಲ್ಲಿಂದ ಅವರು ಮರಳಲಿಲ್ಲ. ತಮ್ಮನ ಮನೆಯಲ್ಲೇ, ನಿದ್ದೆಯಲ್ಲೇ ಹೋದರು. ನಾನು ಕೊನೆಯ ಬಾರಿ ಕಂಡದ್ದು ಕಾರಿನ ಕಿಟಕಿಯಲ್ಲಿ. ಗಾಜು ಇಳಿಸಿ ಬಿಳಿಕೂದಲನ್ನು ಗಾಳಿಗೆ ಬಿಟ್ಟಿದ್ದರು. ಅದರ ತುದಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.