ಚೊಂಬಿಗೆ ಮರಳು ಹಾಕಿದ ಓವರ್ಸೀರು

ಅಂಜಿನಮ್ಮನ ಕೋಳಿಸಾರಿನ ಘಮ ತಾಲ್ಲೂಕು ಕಚೇರಿಯವರೆಗೂ ಹೋಗಿತ್ತು ಎಂದರೆ ಸುಳ್ಳಲ್ಲ. ಒರಳಿನ ಮುಂದೆ ಕೂತು ಮಸಾಲೆ ಅರೆಯುವಾಗ ಅವಳು ಒಂದು ಮಾತೂ ಆಡುತ್ತಿರಲಿಲ್ಲ. ಮಾತಾಡಿದರೆ ಖಾರ ಮುನಿಸಿಕೊಳ್ಳುತ್ತದೆ ಎಂದು ಅವಳವ್ವ ಹೇಳಿಕೊಟ್ಟಿದ್ದಳಂತೆ. ಉಳಿದ ಹೊತ್ತಿನಲ್ಲಿ ಆ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಗಂಡ ನರಸಯ್ಯ ಅದಕ್ಕೆ ತದ್ವಿರುದ್ಧ. ಮಾತಾಡಬೇಕಾಗಿ ಬಂದರೆ ಬೀಡಿ ಹಚ್ಚುವನು, ಬೀಡಿ ಮುಗಿಯುವ ಹೊತ್ತಿಗೆ ಯಾರೋ ಬೇರೆಯವರು ಆ ಮಾತು ಆಡಿ ಮುಗಿಸಿರುತ್ತಿದ್ದರು. ಒಳ್ಳೆಯ ಜೀವ, ಪಾಪ.

ಹೇಳಹೊರಟದ್ದು ಸಾರಿನ ಕತೆಯಲ್ಲ, ಮೋರಿಯ ಕತೆ. ಆದರೆ ಸಾರಿಲ್ಲದೆ ಆ ಮೋರಿಯ ಕತೆಯೇ ಇಲ್ಲ, ಅದೇ ನಮ್ಮೂರ ಹಣೆಬರಹ.

ಊರು ಕೊಡಿಗೇಹಳ್ಳಿಯಿಂದಾಚೆ, ಕೆರೆಯ ಕೆಳಗೆ. ಊರಿಗೂ ಬಳ್ಳಾರಿ ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಕೋಳಿಮರಿಯೂ ಕಾಲು ಒದ್ದೆಯಾಗದಂತೆ ದಾಟುವ ಹಳ್ಳ, ಕೆರೆ ಕೋಡಿ ಬಿದ್ದರೆ ಜೋಡೆತ್ತನ್ನೂ ಎಳೆದುಕೊಂಡು ಹೋಗುತ್ತಿತ್ತು. ಅಂಜಿನಮ್ಮನ ಮಗಳು ಗೋಪಾಲಮ್ಮ ಚೊಚ್ಚಲ ಹೆರಿಗೆಗೆ ಬಂದಿದ್ದಾಗ ಹಾಗೆಯೇ ಆಯಿತು. ನೋವು ಶುರುವಾದಾಗ ಕೋಡಿ ಹರಿಯುತ್ತಿತ್ತು. ಗಾಡಿಯನ್ನು ಹಳ್ಳದ ದಡದಲ್ಲಿ ನಿಲ್ಲಿಸಿಕೊಂಡು, ನೀರು ಇಳಿಯಲಿ ಎಂದು ಕಾದರು. ನೀರು ಇಳಿಯಲಿಲ್ಲ. ಕೂಸು ಗಾಡಿಯಲ್ಲೇ ಹುಟ್ಟಿತು, ಅಳಲಿಲ್ಲ. ಯಲಹಂಕದ ಆಸ್ಪತ್ರೆ ಆಚೆ ದಡ ಸೇರಿದರೆ ಸ್ವಲ್ಪವೇ ದೂರ. ಅಂದಿನಿಂದ ಅಂಜಿನಮ್ಮನಿಗೆ ಒಂದೇ ಜಪ: ಆ ಹಳ್ಳಕ್ಕೆ ಗಾಡಿ ದಾಟುವಂಥ ಒಂದು ಮೋರಿ ಆಗಬೇಕು, ಮಗಳು ಇನ್ನೊಂದು ಸಲ ಬಸುರಾಗುವುದರೊಳಗೆ.

ಅವಳ ಮನೆ ಚಾವಡಿಯ ಎದುರಿಗಿತ್ತು. ಊರಿಗೆ ಯಾವ ಅಧಿಕಾರಿ ಬಂದರೂ ಊಟ ಅವಳ ಒಲೆಯ ಮೇಲೆ. ಕೋಳಿ ಒಬ್ಬರ ಮನೆಯದು, ಅಕ್ಕಿ ಇನ್ನೊಬ್ಬರದು, ತುಪ್ಪ ಪಟೇಲ ಮುನಿವೆಂಕಟಯ್ಯನವರದು, ಕೈ ಮಾತ್ರ ಅಂಜಿನಮ್ಮನದು. ಊರವರು ವರ್ಷವೆಲ್ಲ ಮುದ್ದೆ ನುಂಗಿದರೂ ಅಧಿಕಾರಿಗೆ ಬಿಳಿ ಅನ್ನವೇ ಆಗಬೇಕು. ಬ್ರಾಹ್ಮಣರು ಬಂದರೆ ಅಕ್ಕಿ, ಬೇಳೆ, ತರಕಾರಿ ಮೊರದಲ್ಲಿಟ್ಟು ಕೊಡುವುದು, ಅವರು ಗುಡಿಯ ಪಕ್ಕದಲ್ಲಿ ತಾವೇ ಬೇಯಿಸಿಕೊಳ್ಳುವುದು. ಸಾಬರು ಬಂದರೆ ಎತ್ತಿಗೆ ಲಾಳ ಹೊಡೆಯುವ ಮುಜಫ್ಫರನನ್ನು ಕರೆಸಿ ಕೋಳಿ ಕೊಯ್ಯಿಸುವುದು. ಹೀಗೆ ಎಂಥವರು ಬಂದರೂ ಒಂದೊಂದು ಏರ್ಪಾಡಿತ್ತು. ಮಲೇರಿಯಾ ಔಷಧಿ ಹೊಡೆಯುವವನು ಕೂಡ ಉಂಡು, ಎಲೆಯಡಿಕೆ ಹಾಕಿಕೊಂಡೇ ಗೋಡೆಗೆ ಪಿಚಕಾರಿ ಹಿಡಿಯುತ್ತಿದ್ದ. ಅವನು ಹೊಡೆದ ಮೇಲೆ ತಿಗಣೆ ಇನ್ನೂ ಕೊಬ್ಬಿದವು, ಅದು ಬೇರೆ ಮಾತು.

ಮೋರಿಗೆಂದು ಬಂದವರೇನು ಕಡಿಮೆಯೇ! ಬಂದರು, ಟೇಪು ಹಿಡಿದರು, ಉಂಡರು, ತೇಗಿದರು. "ಆಗತ್ತಮ್ಮ, ಮೇಲಕ್ಕೆ ಬರೀತೀನಿ" ಎಂದರು. ಮೇಲೆ ಯಾರಿದ್ದರೋ, ಆ ಶಿವನೇ ಬಲ್ಲ.

ಚೀನಾದವರ ಯುದ್ಧಕ್ಕೆ ಹಿಂದಿನ ವರ್ಷ ಕಡೆಗೂ ಮೋರಿ ಮಂಜೂರಾಯಿತು. ಕಂಟ್ರಾಕ್ಟು ಪಟೇಲರ ಬಾಮೈದ ಲಕ್ಕಣ್ಣನಿಗೆ. ಕೆಲಸ ನೋಡಿಕೊಳ್ಳಲು ತಾಲ್ಲೂಕು ಬೋರ್ಡಿನಿಂದ ಒಬ್ಬ ಓವರ್ಸೀರು ಬಂದ. ಹೆಸರು ರಾಮಕೃಷ್ಣಪ್ಪ. ಸಣಕಲು ಆಳು, ಸೈಕಲ್ಲು, ಹ್ಯಾಂಡಲಿಗೆ ತೂಗುಹಾಕಿದ ಬುತ್ತಿ. ಅಂಜಿನಮ್ಮ ಮೊದಲ ದಿನವೇ ಒಳ್ಳೆಯ ಹುಂಜ ಹಿಡಿಸಿ, ಸಾರು ಮಾಡಿ, ಎಲೆ ಹಾಸಿ ಕರೆದಳು.

"ಏಳಿ ಸಾಮಿ, ಕೈಕಾಲ್ ತೊಳ್ಕಳಿ. ಎಲೆ ಹಾಕಿವ್ನಿ."

"ನನ್ನ ಊಟ ತಂದಿದೀನಮ್ಮ."

"ಆ ತಣ್ಣಗಿನ್ ರೊಟ್ಟಿ ನಾಯಿಗಾಕಿ. ನಾವೂ ನಿಮ್ ಜನಾನೇ ಕಣಪ್ಪ, ಮೈಲಿಗೆಯೇನಿಲ್ಲ."

"ಅದಲ್ಲಮ್ಮ. ಕೆಲ್ಸ ಮಾಡೋ ಊರಲ್ಲಿ ನಾನು ಉಣ್ಣಲ್ಲ."

ಹೋಗಿ ಹೊಂಗೆಮರದ ಕೆಳಗೆ ಕೂತು, ರಾಗಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಹಚ್ಚಿಕೊಂಡು ತಿಂದ. ಅಂಜಿನಮ್ಮ ಹಾಸಿದ ಎಲೆಯ ಮುಂದೆ ನಿಂತೇ ಇದ್ದಳು. ನಮ್ಮ ಸೀಮೆಯಲ್ಲಿ ಒಬ್ಬರ ಮನೆಯ ಅನ್ನ ಬೇಡ ಎಂದರೆ ಒಂದೇ ಅರ್ಥ, ಹಗೆ. ದಾಯಾದಿಗಳು ಜಗಳವಾಡಿದರೂ ಮೊದಲು ಬಿಡುವುದು ಊಟ, ಆಮೇಲೆ ಮಾತು. ಎಲ್ಲರಿಗೂ ಏರ್ಪಾಡಿದ್ದ ಊರಿನಲ್ಲಿ ಉಣ್ಣದವನಿಗೆ ಏರ್ಪಾಡಿರಲಿಲ್ಲ.

ಮಜ್ಜಿಗೆ ಕಳಿಸಿದಳು, ವಾಪಸು ಬಂತು. ಸೀಬೆಹಣ್ಣು ಕಳಿಸಿದಳು, ವಾಪಸು ಬಂತು. ಒಂದು ದಿನ ಅವನೇ ಬಾಗಿಲಿಗೆ ಬಂದು, "ಅಮ್ಮಾ, ಒಂದು ಚೊಂಬು ನೀರು ಕೊಡ್ತೀರಾ?" ಎಂದ. ಅಂಜಿನಮ್ಮನ ಮುಖ ಹೂವಾಯಿತು. ತವರಿನ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಸಿಹಿನೀರು ತುಂಬಿ ತಂದಳು. ನೀರಾದರೂ ಕುಡಿಯುತ್ತಾನಲ್ಲ, ಹಗೆ ಹರಿಯಿತು ಎಂದುಕೊಂಡಳು. ಅವನು ಚೊಂಬು ತೆಗೆದುಕೊಂಡು ನೇರ ಲಕ್ಕಣ್ಣನ ಮರಳಿನ ರಾಶಿಗೆ ಹೋಗಿ, ಒಂದು ಹಿಡಿ ಮರಳು ಅದರೊಳಕ್ಕೆ ಹಾಕಿ, ಚೊಂಬಿನ ಬಾಯಿಗೆ ಕೈ ಮುಚ್ಚಿ ಗಡಗಡ ಕುಲುಕಿ, ನೆಲಕ್ಕೆ ಬಗ್ಗಿಸಿದ. ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಲಕ್ಕಣ್ಣ, ಇದು ಮರಳಲ್ಲ, ಕೆರೆಮಣ್ಣು. ಸಿಮೆಂಟು ಹಿಡಿಯಲ್ಲ. ಎಲ್ಲ ಎತ್ತಿಸಿ, ಹೊಳೆ ಮರಳು ತನ್ನಿ."

ಮಣ್ಣೋ ಮರಳೋ, ಅಂಜಿನಮ್ಮನಿಗೆ ಅದು ಕಾಣಲೇ ಇಲ್ಲ. ಅವಳಿಗೆ ಕಂಡದ್ದು ಚೊಂಬು. ದೇವರಿಗೆ ನೀರೆರೆಯುವ ಚೊಂಬು! ಕುಡಿಯಲಿ ಎಂದು ಕೊಟ್ಟರೆ ಮಣ್ಣು ಕಲಸಿ ಚೆಲ್ಲಿದನಲ್ಲ ಈ ಮನುಷ್ಯ!

ಪಟೇಲರಿಗೆ ಅಷ್ಟು ಸಾಕಾಗಿತ್ತು. ಸಂಜೆ ಚಾವಡಿಯಲ್ಲಿ ಊರನ್ನು ಸೇರಿಸಿದರು.

"ನೋಡ್ರಪ್ಪ, ಮಣ್ಣು ಮರಳು ಅಂತ ಕೆಲ್ಸ ನಿಲ್ಸವ್ನೆ. ಅವನ್ಗೆ ಈ ಊರ್ ಕಂಡ್ರೆ ಆಗಕಿಲ್ಲ. ಅಂಜಿನಮ್ಮನ್ನೇ ಕೇಳಿ."

"ಊಂ ಕಣ್ರಪ್ಪ," ಎಂದಳು ಅಂಜಿನಮ್ಮ. "ಅನ್ನ ಮುಟ್ದಿರೋನು ಕೆಲ್ಸ ಮುಟ್ಟಾನಾ? ಉಂಡೋರೇ ಮಾಡ್ನಿಲ್ಲ, ಇನ್ನ ಉಣ್ದಿರೋನು ಮಾಡ್ತಾನಾ? ನನ್ ಮಗ್ಳು ಇನ್ನೊಂದ್ಸಲ ಆ ದಡದಾಗೆ ಕೂರ್ಬೇಕಾ?"

ಅಪರೂಪಕ್ಕೆ ನರಸಯ್ಯ ಬಾಯಿ ತೆಗೆದ. "ಅಂಗಲ್ಲ ಕಣೇ, ಆ ನೀರು ಕೆಂಪಗಿತ್ತಲ್ಲ..."

"ನೀನ್ ಬೀಡಿ ಸೇದು!"

ಊರೆಲ್ಲ ನಕ್ಕಿತು. ಈ ಓವರ್ಸೀರು ಬೇಡ ಎಂಬ ಅರ್ಜಿಗೆ ಹೆಬ್ಬೆಟ್ಟು ಒತ್ತಿತು. ಮೊದಲ ಹೆಬ್ಬೆಟ್ಟು ಅಂಜಿನಮ್ಮನದೇ. ತಿಂಗಳೊಳಗೆ ರಾಮಕೃಷ್ಣಪ್ಪನಿಗೆ ಪಾವಗಡದ ಕಡೆಗೆ ವರ್ಗವಾಯಿತು. ಹೋಗುವ ದಿನ ಅವಳ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, "ನಿಮ್ಮ ಚೊಂಬು ಕೊಳೆ ಮಾಡ್ಬಿಟ್ಟೆ, ತಪ್ಪು ತಿಳ್ಕೋಬೇಡಿ" ಎಂದ. ಅವಳು ಮಸಾಲೆ ಅರೆಯುತ್ತಿದ್ದಳು, ಹೊಸ ಓವರ್ಸೀರು ಬರುವವನಿದ್ದ.

ಹೊಸಬ ಎಂಥ ಮನುಷ್ಯ ಅಂತೀರಿ! ತೊಡೆಯ ತುಂಡು ಕೇಳಿ ಹಾಕಿಸಿಕೊಳ್ಳುವನು, ಮೂಳೆ ಚೀಪುವ ಸದ್ದು ಚಾವಡಿಗೆ ಕೇಳಬೇಕು. "ನಿಮ್ ಕೈಗೆ ಬಂಗಾರದ ಬಳೆ ಹಾಕ್ಬೇಕು ಅಂಜಿನಮ್ನೋರೇ" ಎನ್ನುವನು. ಕೆಲಸದ ಹತ್ತಿರ ಹೋದದ್ದು ಕೈ ತೊಳೆಯಲು ಮಾತ್ರ. ಆದರೂ ಯುಗಾದಿ ಹೊತ್ತಿಗೆ ಮೋರಿ ಎದ್ದು ನಿಂತಿತು. ಸುಣ್ಣ ಬಳಿದರು, ಮಾವಿನ ತೋರಣ ಕಟ್ಟಿದರು. ಪಟೇಲರು ಟೇಪು ಕತ್ತರಿಸಿದರು. ಅಂಜಿನಮ್ಮ ಅದರ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಸುಮ್ಮನೆ ನಡೆದು ಬಂದಳು. ಆ ವರ್ಷ ಗೋಪಾಲಮ್ಮ ಮತ್ತೆ ಬಸುರಿ. ಗೊರಗುಂಟೆಪಾಳ್ಯದ ಗಂಡನ ಮನೆಯಲ್ಲಿ ಅತ್ತೆ ಇಲ್ಲ, ನೋಡಿಕೊಳ್ಳುವವರಿಲ್ಲ. "ಇಲ್ಲಿಗೇ ಬಾ ಮಗ, ಈಗ ಮೋರಿ ಐತೆ" ಎಂದು ಅವಳೇ ಹೇಳಿಕಳಿಸಿದಳು.

ಸ್ವಾತಿ ಮಳೆಗೆ ಕೆರೆ ಕೋಡಿ ಬಿತ್ತು. ಬೆಳಗ್ಗೆ ಎದ್ದು ನೋಡಿದರೆ ಮೋರಿಯ ಒಂದು ಕಡೆಯ ಗೋಡೆ ಇರಲಿಲ್ಲ. ಮಧ್ಯಾಹ್ನಕ್ಕೆ ಇನ್ನೊಂದು ಕಡೆಯದೂ ಹೋಯಿತು. ಸೈಜುಗಲ್ಲುಗಳು ಒಂದಕ್ಕೊಂದು ಸಂಬಂಧವೇ ಇಲ್ಲದವರ ಹಾಗೆ ನೀರಿನಲ್ಲಿ ಬಿದ್ದಿದ್ದವು. ಗೋಪಾಲಮ್ಮನಿಗೆ ನೋವು ಕಾಣಿಸಿಕೊಂಡದ್ದು ಅದೇ ದಿನ ಇಳಿಹೊತ್ತಿಗೆ.

ಈ ಸಲ ಕಾಯಲು ಯಾರೂ ಒಪ್ಪಲಿಲ್ಲ. ಎಲ್ಲರಿಗಿಂತ ಮೊದಲು ಎದ್ದವನು ನರಸಯ್ಯ. ಬೀಡಿ ಎಸೆದು, ಆಲೆಮನೆಯಿಂದ ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆ ಉರುಳಿಸಿಕೊಂಡು ಬಂದ. ಬಾವಿಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಮುಜಫ್ಫರ್ ಆಚೆಗೆ ಈಜಿದ. ಕೊಪ್ಪರಿಗೆಯೊಳಗೆ ಹುಲ್ಲು, ಹುಲ್ಲಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಗೋಪಾಲಮ್ಮ. ಎರಡೂ ದಡದಿಂದ ಹಗ್ಗ ಹಿಡಿದು ಎಳೆದರು.

"ಅವ್ವಾ, ತಿರುಗ್ತಾ ಐತೆ ಕಣವ್ವಾ!"

"ಕಣ್ ಮುಚ್ಕಳೇ! ಕಣ್ ಮುಚ್ಕಂಡು ಬೈಯಿ, ಪಟೇಲನ್ನ ಬೈಯಿ, ನನ್ನೂ ಬೈಯಿ!"

ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಈ ಕೂಸು ಅತ್ತಿತು. ವಾರ್ಡೆಲ್ಲ ಎದ್ದು ಕೂರುವ ಹಾಗೆ ಅತ್ತಿತು. ಅದೇ ಕೊಪ್ಪರಿಗೆಯಲ್ಲಿ ಹಿಂದೆಯೇ ದಾಟಿ ಬಂದಿದ್ದ ಅಂಜಿನಮ್ಮನೂ ಅತ್ತಳು, ಆದರೆ ಅದು ಬರೀ ಸಂತೋಷದ ಅಳುವಲ್ಲ.

ಬಾಣಂತನದ ನಡುವೆಯೇ ಅವಳು ಬೋರ್ಡಿನ ಆಫೀಸಿಗೆ ಹೋದಳು. ಗುಮಾಸ್ತನ ಮುಂದೆ ನಿಂತು, ಆ ಬುತ್ತಿ ತರುತ್ತಿದ್ದ ಓವರ್ಸೀರನ್ನೇ ವಾಪಸು ಕಳಿಸಿ ಎಂದು ಕೇಳಿದಳು. ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ.

"ಅವ್ರು ಬೇಡ ಅಂತ ಅರ್ಜಿ ಕೊಟ್ಟೋರು ನೀವೇ ಅಲ್ವೇನಮ್ಮ?"

"ಊಂ ಸಾಮಿ."

"ಈಗ ಬೇಕು ಅಂತೀರಾ. ಇದೇನು ಸಂತೇಲಿ ಬದನೆಕಾಯಿ ಬದಲಾಯಿಸ್ದಂಗೆ ಅಂದ್ಕೊಂಡ್ರಾ?"

"ಬದ್ನೇಕಾಯಾದ್ರೆ ಉಳ ಐತೋ ಇಲ್ವೋ ನೋಡ್ತಿದ್ದೆ ಸಾಮಿ. ಅಲ್ಲೇ ಕೆಟ್ಟೆ."

ಗುಮಾಸ್ತ ನಕ್ಕ, ಪಕ್ಕದ ಮೇಜಿನವನನ್ನೂ ಕರೆದು ನಗಿಸಿದ. ಕೆಲಸ ಮಾತ್ರ ಆಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬಿದ್ದ ಮೋರಿ ನೋಡಲು ದೊಡ್ಡ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಪಟೇಲರು ಬೀದಿಯಿಂದಲೇ ಕೂಗಿದರು.

"ಅಂಜಿನಮ್ಮೋ, ಉಂಜ ಕಳ್ಸಿದ್ನಲ್ಲ, ಆಯ್ತೇನಮ್ಮ ಅಡ್ಗೆ?"

"ಉಂಜ ಇತ್ಲಾಗೆ ಮೇಯ್ತಾ ಐತೆ ಪಟೇಲ್ರೇ. ಬಂದೆ ತಡೀರಿ."

ಅವಳು ಬಂದದ್ದು ತವರಿನ ಚೊಂಬು ಹಿಡಿದುಕೊಂಡು. ಬಿಸಿಲಿಗೆ ಅದು ಥಳಥಳ ಹೊಳೆಯುತ್ತಿತ್ತು. ಸಾಹೇಬರು ಕರ್ಚೀಫಿನಿಂದ ಕತ್ತು ಒರೆಸಿಕೊಂಡು, "ಬಾಯಾರಿತ್ತಮ್ಮ, ಒಳ್ಳೇದಾಯ್ತು" ಎಂದು ಕೈ ಚಾಚಿದರು. ಅಂಜಿನಮ್ಮ ಸೆರಗಿನ ಗಂಟು ಬಿಚ್ಚಿದಳು. ಕುಸಿದ ಗೋಡೆಯ ಗಾರೆ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. ಒಂದು ಹಿಡಿ ಚೊಂಬಿಗೆ ಹಾಕಿ, ಬಾಯಿಗೆ ಕೈ ಮುಚ್ಚಿ ಗಡಗಡ ಕುಲುಕಿ, ಸಾಹೇಬರ ಬೂಟಿನ ಮುಂದೆ ಬಗ್ಗಿಸಿದಳು.

"ಇದು ನೋಡಿ ಸಾಮಿ, ನಮ್ ಮೋರಿ. ಇದ್ನ ನೋಡಿ ಮೊದ್ಲು ಬರ್ಕಳಿ. ಊಟ ಆಮೇಲೆ ಆಗ್ಲಿ."

ಸಾಹೇಬರು ಕೆಂಪು ನೀರನ್ನು ನೋಡಿದರು, ಪಟೇಲರನ್ನು ನೋಡಿದರು, ತಮ್ಮ ಬೂಟನ್ನು ನೋಡಿಕೊಂಡರು. ಬೂಟನ್ನೇ ಹೆಚ್ಚು ಹೊತ್ತು ನೋಡಿದರು. ಜೀಪು ಬಂದ ದಾರಿಯಲ್ಲೇ ಹೋಯಿತು.

ಆ ವರ್ಷ ಮೋರಿ ಆಗಲಿಲ್ಲ, ಮುಂದಿನ ವರ್ಷವೂ ಆಗಲಿಲ್ಲ. "ಒಂದೊತ್ತು ಅನ್ನ ಆಕಿದ್ರೆ ಮೋರಿ ಬರ್ತಿತ್ತು, ನಿನ್ ಚೊಂಬಿನ್ ದೆಸೆಯಿಂದ ಓಯ್ತು" ಎಂದು ಪಟೇಲರು ಅಂದರು, ಊರೂ ಅಂದಿತು. ಅವಳು ಮೊಮ್ಮಗಳನ್ನು ಕಂಕುಳಿಗೇರಿಸಿಕೊಂಡು ಒಳಕ್ಕೆ ಹೋಗುತ್ತಿದ್ದಳು. ಅಧಿಕಾರಿಗಳಿಗಾಗಿ ಅವಳ ಒಲೆ ಮತ್ತೆ ಹೊತ್ತಲಿಲ್ಲ. ಹೊರಗೆ ಸೈಕಲ್ ಬೆಲ್ಲು ಕೇಳಿದರೆ ಮಾತ್ರ ಏನೇ ಕೆಲಸವಿದ್ದರೂ ಎದ್ದು, ಹೊಸಿಲಿಗೆ ಬಂದು, ಹ್ಯಾಂಡಲಿಗೆ ಬುತ್ತಿ ಇದೆಯೇ ಎಂದು ಇಣುಕುತ್ತಿದ್ದಳು.

"ಯಾರವ್ವಾ?" ಎಂದು ಗೋಪಾಲಮ್ಮ ಒಳಗಿನಿಂದ ಕೇಳುವಳು.

"ಆಲಿನೋನು ಕಣೇ," ಎನ್ನುವಳು. "ಇನ್ಯಾರ್ ಬತ್ತಾರೆ."