ತಗ್ಗುನಾಡಿನಲ್ಲಿ ಬೆಟ್ಟದವಳ ಹೊಲ

ಮಾಮೊಖೇತಿಯ ಊರು ಈಗ ನೀರಿನಡಿ ಇದೆ. ಲೆಸೊಥೋದ ಬೆಟ್ಟಗಳ ನಡುವಿನ ಆ ಕಣಿವೆಗೆ ಅಣೆಕಟ್ಟು ಕಟ್ಟಿ, ನೀರನ್ನು ಗಡಿಯಾಚೆಯ ಪಟ್ಟಣಗಳಿಗೆ ಮಾರಿದರು. ಊರವರಾದ ನಾವೆಲ್ಲ ಅಣೆಕಟ್ಟಿನ ಲಾರಿಗಳಿಗೆ ಅಡ್ಡ ಮಲಗಿದೆವು. ಪೊಲೀಸರು ಕಾಲು ಹಿಡಿದು ಎಳೆದು ಬದಿಗೆ ಬಿಸಾಕಿದರು. ಅಷ್ಟೇ. ವಿಧವೆ ಮಾಮೊಖೇತಿಗೆ ಪರಿಹಾರವಾಗಿ ತಗ್ಗುನಾಡಿನಲ್ಲಿ ಒಂದು ತಗಡಿನ ಮನೆ, ಒಂದು ಹೊಲ ಸಿಕ್ಕಿತು. ಹೊಲದ ಬದಿಯಲ್ಲೇ ಹಸು ಬಿದ್ದರೆ ಮೇಲೇಳದಂಥ ಕೊರಕಲು.

ಬೆಟ್ಟದಲ್ಲಿ ಶಿಖರದ ಹಿಮ ಕರಗುತ್ತಲೇ ಮೆಕ್ಕೆಜೋಳ ಬಿತ್ತಬೇಕು. ತಡವಾದರೆ ಕಾಳು ಗಟ್ಟಿಯಾಗುವ ಮೊದಲೇ ಚಳಿ ಬಂದು ಬೆಳೆಯನ್ನು ಸುಟ್ಟುಹಾಕುತ್ತದೆ. ಆ ಹೆದರಿಕೆ ಅವಳ ಮೈಗಂಟಿತ್ತು. ತಗ್ಗಿನಿಂದ ಶಿಖರ ಕಾಣದು. ಬೆಟ್ಟದಲ್ಲೇ, ನೀರಿನ ಮೇಲಂಚಿನ ಮುಳುಗದ ಮನೆಯಲ್ಲಿ ಉಳಿದಿದ್ದ ಅಣ್ಣನಿಗೆ ಫೋನು ಮಾಡಿ, ಹಿಮ ಕರಗಿತೆಂದು ಕೇಳಿಕೊಂಡು ಬಿತ್ತಿದಳು. ಇಲ್ಲಿ ಮಳೆಗೆ ಇನ್ನೂ ತಿಂಗಳಿತ್ತು. ಬೀಜವೆಲ್ಲ ಒಣಗಿತು. ಮರುವರ್ಷವೂ ಅದೇ ಕತೆ.

"ಅಕ್ಕಾ, ಅಲ್ಲಿ ನಿಮ್ಮಣ್ಣ ಸೀನಿದ್ರೆ ಇಲ್ಲಿ ನೀನು ಮೂಗು ಒರೆಸ್ಕೋತೀಯ" ಎಂದು ಪಕ್ಕದ ಹೊಲದ ದಿನೇಯೊ ನಕ್ಕಳು.

ಹೊಲ ಹಂಚುವ ಅಧಿಕಾರವಿದ್ದ ಊರ ಮುಖ್ಯಸ್ಥ ತ್ಸೋಲೊ ನಗಲಿಲ್ಲ. "ಎರಡು ವರ್ಷ ಹೊಲ ಪಾಳು ಬಿಟ್ಟೆ ಕಣಮ್ಮ. ಈ ಸಲವೂ ಹಿಂಗೇ ಆದ್ರೆ ಬೇರೆಯವರಿಗೆ ಕೊಡ್ತೀನಿ."

"ಪಾಳು ಎಲ್ಲಿ ಬಿಟ್ಟೆ? ಬಿತ್ತಿದ್ದೀನಲ್ಲ."

"ಹಕ್ಕಿಗೆ ಬಿತ್ತಿದ್ದೀಯ."

ಮೂರನೆಯ ವರ್ಷ ಅಣ್ಣನ ಫೋನು ಬಂದರೂ ಅವಳು ಬೀಜದ ಚೀಲ ಮುಟ್ಟಲಿಲ್ಲ. ದಿನಾ ಹೊಲಕ್ಕೆ ಹೋಗಿ, ಕಂಬಳಿ ಹೊದ್ದು ಮಳೆ ಕಾಯುತ್ತ ಕೂತು ಬರುತ್ತಿದ್ದಳು. ಮಳೆ ಬಂದು ಮಣ್ಣು ನೆನೆದ ಮೇಲೆ ದಿನೇಯೊ ತನ್ನ ಎತ್ತು ಕೊಟ್ಟಳು. ಬಿತ್ತಿದ್ದೆಲ್ಲ ಮೊಳೆಯಿತು. ಬೆಳೆ ಹೆಗಲೆತ್ತರ ಬಂದಾಗ ತ್ಸೋಲೊ ಹೊಲದ ಸುತ್ತ ನಡೆದು, "ಆಯ್ತಮ್ಮ, ಹೊಲ ನಿಂದೇ" ಎಂದು ಹೋದ.

ಸುದ್ದಿ ಕೇಳಿ ನಾನು ಅವಳನ್ನು ನೋಡಲು ಹೋದೆ. ಹೊಲಕ್ಕೆ ಬೆನ್ನು ಮಾಡಿ ಕೂತಿದ್ದಳು.

"ಗೆದ್ದೆಯಲ್ಲ ಅಕ್ಕಾ" ಎಂದೆ.

"ಏನು ಗೆದ್ದೆ? ಹೊಲ ಕಿತ್ಕೊಂಡಿದ್ರೆ ಬೆಟ್ಟಕ್ಕೆ, ಅಣ್ಣನ ಮನೆಗೆ ವಾಪಸ್ ಹೋಗ್ತಿದ್ದೆ. ಯಾರೂ ಏನೂ ಅನ್ನೋ ಹಂಗಿರ್ಲಿಲ್ಲ. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ? ಹೊಟ್ಟೆ ತುಂಬೋವಷ್ಟು ಬೆಳೆ ಬಂದಿದೆ, ಇಲ್ಯಾಕೆ ಬಂದೆ ಅಂತಾರೆ."

ಅಷ್ಟರಲ್ಲಿ ಯಾರದೋ ದನ ಹೊಲಕ್ಕೆ ನುಗ್ಗಿತು. ಮಾಮೊಖೇತಿ ಒಮ್ಮೆ ತಿರುಗಿ ನೋಡಿದಳು. ಸ್ವಲ್ಪ ಹೊತ್ತು ಕೂತೇ ಇದ್ದಳು. ಆಮೇಲೆ ಮಂಡಿಗೆ ಕೈಯೂರಿ ಎದ್ದು, ದನ ಅಟ್ಟಲು ಹೋದಳು.