ಇಬ್ಬರಿಗಾಗಿ ಹಾಕಿಸಿದ ಸ್ಪ್ರಿಂಗು

ಅಪ್ಪನ ಅಂಬಾಸಿಡರ್ ಕಾರಿಗೆ ಹೊಸ ಕೈಕಾಲು ಹಾಕಿಸುವ ಹುಚ್ಚು ನನಗೆ ಹಿಡಿದದ್ದು ಅಕ್ಕನ ಬೆನ್ನಿನ ಆಪರೇಷನ್ ಆದಮೇಲೆ. ಆಸ್ಪತ್ರೆಯಿಂದ ಬಂದವಳು ಎರಡು ತಿಂಗಳು ಟಿಳಕವಾಡಿಯ ನಮ್ಮ ಮನೆಯಲ್ಲೇ ಇದ್ದಳು. ಇನ್ನು ಆಕೆಯನ್ನು ಖಾನಾಪುರದಾಚೆ ಗುಂಜಿಯಲ್ಲಿರುವ ಗಂಡನ ಮನೆಗೆ ಮುಟ್ಟಿಸಬೇಕಿತ್ತು. ಬೆನ್ನಿಗೆ ಹೊಡೆತ ಬಿದ್ದರೆ ಮತ್ತೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೆದರಿಸಿದ್ದರು. ಬಾಡಿಗೆ ಕಾರು ತರಬಹುದಿತ್ತು. ಆದರೆ ಅಪ್ಪನ ಕಾರು ಅಂಗಳದಲ್ಲಿ ನಿಂತಿರುವಾಗ ಬಾಡಿಗೆ ಕಾರು ತಂದರೆ ನನ್ನ ಮರ್ಯಾದೆ ಏನಾಗಬೇಕು? "ಒಂದ ಧಕ್ಕಿ ಬಡೀದಂಗ ಕರ್ಕೊಂಡ ಹೋಗತೀನಿ" ಎಂದು ಅಕ್ಕನಿಗೆ ಮಾತು ಕೊಟ್ಟುಬಿಟ್ಟೆ.

ರವಿವಾರ ಪೇಟೆಯ ಹಿಂದೆ ಗ್ಯಾರೇಜ್ ಇಟ್ಟಿರುವ ಮಿಸ್ತ್ರಿ ಮನೆಯಲ್ಲಿ ದಖನಿ ಉರ್ದು ಆಡುತ್ತಾನೆ, ಫೋನಿನಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ತುಕ್ಕು ಹಿಡಿದ ಬೋಲ್ಟಿಗೆ ಮಾತ್ರ ಮೂರರಲ್ಲೂ ಬೈಯುತ್ತಾನೆ. ಹಿಂದಿನ ಪಟ್ಟಿ ಸ್ಪ್ರಿಂಗು ಕಿತ್ತು ಸುರುಳಿ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್, ಮುಂದೆ ಡಿಸ್ಕ್ ಬ್ರೇಕು, ಪವರ್ ಸ್ಟೀರಿಂಗು ಎಂದು ಮಾತಾಯಿತು. ಆಮೇಲೆ ಅವನೊಂದು ಪ್ರಶ್ನೆ ಕೇಳಿದ.

"ಎಷ್ಟ ಮಂದಿ ಕುಂದರ್ತೀರಿ? ಮೆತ್ತಗ ಬೇಕಂದ್ರ ಭಾರ ಹಾಕೂಹಂಗಿಲ್ಲ. ಭಾರ ಹಾಕ್ತೀರಂದ್ರ ಗಟ್ಟಿ ಸ್ಪ್ರಿಂಗ್ ಹಾಕತೀನಿ."

"ಇಬ್ಬರ. ನಾನು, ನಮ್ಮಕ್ಕ. ಗುಂಜಿ ತನಕ."

"ಖಾನಾಪುರದ ಕಡೆ ಇಬ್ಬರ ಕುಂತ ಹೊಂಟಿದ್ದ ಕಾರ್ ನಾ ಇನ್ನೂ ನೋಡಿಲ್ರೀ" ಎಂದು ನಕ್ಕ. ನನಗೆ ಸಿಟ್ಟು ಬಂತು. ನನ್ನನ್ನು ಅವನು ಕಂಡವರಿಗೆಲ್ಲ ಬಿಟ್ಟಿ ಸವಾರಿ ಕೊಡುವವರ ಸಾಲಿಗೆ ಸೇರಿಸಿದ ಎಂಬ ಸಿಟ್ಟು.

ಕೆಲಸವೇನೋ ಒಳ್ಳೆಯದೇ ಆಯಿತು. ಒಬ್ಬನೇ ಕುಳಿತು ನಮ್ಮ ಓಣಿಯ ರಸ್ತೆ ಉಬ್ಬುಗಳನ್ನೆಲ್ಲ ಹತ್ತಿಸಿ ಇಳಿಸಿದೆ. ಕಾರು ಅಲುಗಿದ್ದು ಗೊತ್ತಾಗಲಿಲ್ಲ. ಆಗ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. ಹಾಲಿನಂಗಡಿಯಲ್ಲಿ, ವಾಕಿಂಗಿನಲ್ಲಿ, ಕಂಡಕಂಡವರಿಗೆಲ್ಲ ಹೇಳಿದೆ: "ಒಮ್ಮೆ ಕುಂತ ನೋಡ್ರಿ, ಆಮ್ಯಾಲೆ ಮಾತಾಡ್ರಿ." ನಮ್ಮೂರಿನವರು ಇಂಥ ಮಾತನ್ನು ಮರೆಯುವವರಲ್ಲ.

ಹೊರಡುವ ಬೆಳಿಗ್ಗೆ ಗೇಟಿನ ಮುಂದೆ ಮೂವರು ನಿಂತಿದ್ದರು. ಹೆಂಡತಿಯ ಸೋದರಮಾವ, ಖಾನಾಪುರದಲ್ಲಿ ಮಗಳ ಮನೆ. ಬಾಜೂ ಮನೆಯ ನಿವೃತ್ತ ಮಾಸ್ತರರು ಮತ್ತು ಅವರ ಹೆಂಡತಿ, ಖಾನಾಪುರದಲ್ಲೇ ಬೀಗರ ಮನೆ. ಅವರ ಕಾಲ ಬಳಿ ಸಗಟು ಅಂಗಡಿಯಿಂದ ತಂದ ಎರಡು ಚೀಲ ಬೆಲ್ಲ, ಒಂದು ಚೀಲ ಜೋಳ. "ಜಾಗಾ ಐತೆಲ್ಲ?" ಎಂದರು ಮಾಸ್ತರರು. ಐತಿ ಎಂದೆ. ನಮ್ಮ ಕಡೆ ಕಾರಿನಲ್ಲಿ ಖಾಲಿ ಸೀಟು ಇಟ್ಟುಕೊಂಡು ಊರಿಗೆ ಹೋಗುವವನು ಹೆಣಕ್ಕೆ ಹೆಗಲು ಕೊಡದವನಿಗಿಂತ ಕಡೆ.

ಮಾವನಿಗೆ ಮೊಣಕಾಲು ನೋವು, ಆದ್ದರಿಂದ ಮುಂದಿನ ಸೀಟು ಅವರದಾಯಿತು. ಅಕ್ಕ ಹಿಂದಿನ ಸೀಟಿನ ಮೂಲೆಗೆ, ಸರಿಯಾಗಿ ಚಕ್ರದ ಮೇಲೆ ಬಂದಳು.

ಊರು ದಾಟಿದ ಮೇಲೆ ಮೊದಲನೆಯ ತಗ್ಗಿಗೇ ಹಿಂಭಾಗ ಧಡ್ ಎಂದು ಬಡಿಯಿತು. ಮೆತ್ತನೆಯ ಸ್ಪ್ರಿಂಗು ಭಾರಕ್ಕೆ ಪೂರ್ತಿ ಕುಸಿದು ಕೂತಿತ್ತು. ಇನ್ನು ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎರಡನೆಯ ತಗ್ಗಿಗೆ ಅಕ್ಕ "ಅಯ್ಯವ್ವಾ" ಎಂದಳು. ಮಾವ ಹಿಂದೆ ತಿರುಗಿ, "ನಿಮ್ಮ ರೋಡ್ ಸುಮಾರ ಅದಾವ ನೋಡ್ರಿ" ಎಂದರು, ರಸ್ತೆ ಅಕ್ಕನ ಸ್ವಂತದ್ದೇನೋ ಎಂಬಂತೆ. ಕನ್ನಡಿಯಲ್ಲಿ ಅಕ್ಕನ ಮುಖ ಬಿಳಚಿಕೊಂಡದ್ದು ಕಾಣುತ್ತಿತ್ತು. ಕಾರು ನಿಲ್ಲಿಸಿ ಎಲ್ಲರನ್ನೂ ಇಳಿಸಿಬಿಡಬೇಕು ಎಂದು ಹತ್ತು ಸಲ ಅಂದುಕೊಂಡೆ. ಬದಲಿಗೆ ಹೊಸ ಬ್ರೇಕಿನ ಗುಣಗಾನ ಮಾಡಿದೆ, ಥೂ ನನ್ನ.

ಖಾನಾಪುರ ಇನ್ನೇನು ಬಂತು ಎನ್ನುವಾಗ ಅಕ್ಕ, "ಸ್ಟೇಷನ್ ಕಡೆ ತಗೋ" ಎಂದಳು. ಸ್ಟೇಷನ್ನಿನ ಮುಂದೆ ಬಾಗಿಲು ಹಿಡಿದು ನಿಧಾನ ಇಳಿದಳು.

"ರೈಲಿಗೆ ಹೋಗತೀನಿ. ಗುಂಜಿ ಇಲ್ಲಿಂದ ಒಂದ ಸ್ಟೇಷನ್ ದೂರ ಐತಿ."

"ಅಕ್ಕಾ, ಇವರನ್ನೆಲ್ಲಾ ಇಲ್ಲೇ ಇಳಿಸಿ ಇಬ್ಬರ ಹೋಗೂಣು."

"ಇಳಸಾಂವ ಇದ್ದಿದ್ರ ಆಗಲೇ ಇಳಸ್ತಿದ್ದಿ. ನಿನಗ ಆಗಲಿಲ್ಲ, ಅದಕ್ಕ ನಾನ ಇಳದೀನಿ" ಎಂದು ಟಿಕೆಟ್ ಕಿಟಕಿಯತ್ತ ಗೋಡೆ ಹಿಡಿದು ನಡೆದಳು. ನಾನು ಹಿಂದೆ ಓಡಬೇಕಿತ್ತು. ಹಿಂದಿನ ಸೀಟಿನಲ್ಲಿ ಮಾಸ್ತರರ ಹೆಂಡತಿ ಆಗಲೇ ಕಾಲು ಚಾಚಿದ್ದರು, "ಹೊತ್ತಾತು, ಹೋಗೂಣಲ್ರೀ" ಎಂದರು. ನಾನು ಗಾಡಿ ಬಿಟ್ಟೆ.

ಒಬ್ಬೊಬ್ಬರನ್ನೂ ಅವರವರ ಬಾಗಿಲಿಗೇ ಇಳಿಸಿದೆ, ಚೀಲಗಳನ್ನು ಒಳಗೆ ಹೊತ್ತೆ, ಬೇಡವೆಂದರೂ ಚಹಾ ಕುಡಿದೆ. ಆಮೇಲೆ ಗುಂಜಿಯವರೆಗೆ ಒಂದು ಹೊಡೆತವೂ ಇಲ್ಲದೆ ಒಬ್ಬನೇ ಹೋದೆ.

ಬಾಗಿಲು ತೆರೆದದ್ದು ಭಾವ. ಅಕ್ಕ ಒಳಗೆ ಮಲಗಿದ್ದಳು.

"ತಮ್ಮ ಕರ್ಕೊಂಡ ಬರ್ತಾನ ಅಂದಿದ್ಲು. ಒಬ್ಬಾಕಿನ ಬಂದ್ಲಲ್ಲ" ಎಂದರು. "ಕಾರ್ ಏನರ ಕೆಟ್ಟಿತ್ತೇನು?"

"ಇಲ್ರೀ" ಎಂದೆ. "ಕಾರಿಗೇನೂ ಆಗಿಲ್ಲ."